ಅತ್ತೆಯ ಹಾಡಿನ ತಟ್ಟೆ

"ಗುರುಗಳೇ, ಮನಸ್ಸನ್ನು ದಿನವೂ ಉಜ್ಜಿ ತೊಳೆಯುತ್ತಿದ್ದೇನೆ. ಆದರೂ ಅದು ಹೊಳೆಯುತ್ತಿಲ್ಲ. ಇನ್ನೂ ಎಷ್ಟು ಉಜ್ಜಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಮೇಜು, ಕುರ್ಚಿ ಮಾರುವ ವ್ಯಾಪಾರಿಯಿದ್ದ. ಅವನ ಅತ್ತೆ ಹರೆಯದಲ್ಲಿ ಒಳ್ಳೆಯ ಹಾಡುಗಾರ್ತಿ. ಅವರು ಹಾಡಿದ್ದ ಒಂದೇ ಒಂದು ಗ್ರಾಮಫೋನ್ ತಟ್ಟೆ ಉಳಿದಿತ್ತು. ಅದು ವ್ಯಾಪಾರಿಯ ಹೆಂಡತಿಯ ಬಳಿ ಇತ್ತು. ಹಳೆಯ ಕಾಲದ ಅರಗಿನ ತಟ್ಟೆ; ಕೈಜಾರಿದರೆ ಹೆಂಚಿನಂತೆ ಒಡೆಯುವಂಥದ್ದು. ಹೆಂಡತಿ ಅದನ್ನು ಅಂಚು ಹಿಡಿದೇ ಎತ್ತುತ್ತಿದ್ದಳು. ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆದು, ತುಸುವೇ ಒದ್ದೆ ಮಾಡಿದ ಬಟ್ಟೆಯನ್ನು ಹಾಡು ಅಡಗಿದ ಸಣ್ಣ ಗೆರೆಗಳ ಗುಂಟ ಆಡಿಸಿ, ನೆರಳಲ್ಲಿ ಆರಿಸಿ, ಕಾಗದದ ಚೀಲಕ್ಕೆ ಹಾಕಿ, ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡುತ್ತಿದ್ದಳು. ಹಾಕಿದಾಗ ಸ್ವಲ್ಪ ಕರಕರ ಎನ್ನುತ್ತಿತ್ತು. ಅದರ ನಡುವೆ ತಾಯಿಯ ದನಿ ಕೇಳುತ್ತಿತ್ತು.

ಒಮ್ಮೆ ಅತ್ತೆ ಬರುವುದಾಗಿ ಹೇಳಿಕಳಿಸಿದರು. ಹೆಂಡತಿ ತರಕಾರಿ ತರಲು ಹೋಗಿದ್ದಳು. ವ್ಯಾಪಾರಿ ತಟ್ಟೆಯನ್ನು ತೆಗೆದು ನೋಡಿದ. ಮಂಕಾಗಿ ಕಂಡಿತು. ಅತ್ತೆ ಏನೆಂದುಕೊಂಡಾರು? ಅಂಗಡಿಯಿಂದ ಸ್ಪಿರಿಟ್ ತಂದ. ಅದೇ ಸ್ಪಿರಿಟ್ಟಿನಲ್ಲಿ ಅವನು ದಿನವೂ ಅರಗು ಕರಗಿಸಿ ಕುರ್ಚಿಗಳಿಗೆ ಪಾಲಿಶ್ ಮಾಡುತ್ತಿದ್ದ. ಆದರೆ ಅದು ಅಂಗಡಿಯ ವಿಚಾರ, ಇದು ಮನೆಯ ವಿಚಾರ.

ಒರೆಸಿದ. ಬಟ್ಟೆ ಕಪ್ಪಾಯಿತು. "ಅಬ್ಬಾ, ಎಷ್ಟು ಕೊಳೆ!" ಎಂದು ಹಿಗ್ಗಿ ಇನ್ನೊಂದು ಬಟ್ಟೆ ತೆಗೆದುಕೊಂಡ. ಅದೂ ಕಪ್ಪಾಯಿತು. ಹಿಗ್ಗು ಹೆಚ್ಚಿತು. ತಿರುವಿ ಹಾಕಿ ಆ ಮಗ್ಗುಲನ್ನೂ ಉಜ್ಜಿದ. ತಟ್ಟೆ ನುಣ್ಣಗೆ ಮಿರಿಮಿರಿ ಮಿಂಚಿತು.

ಅತ್ತೆ ಬಂದು ಕುಳಿತು, "ಹಾಕಿ ಅಳಿಯಂದಿರೇ, ಕೇಳೋಣ" ಎಂದರು. ಮುಳ್ಳು ತಟ್ಟೆಯ ಮೇಲೆ ಇಳಿಯಿತು, ಸುಯ್ಯೆಂದು ಜಾರಿ ನಡುವಿಗೆ ಹೋಯಿತು. ಮತ್ತೆ ಇಟ್ಟ. ಮತ್ತೆ ಜಾರಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ತುಂಬಿತು.

ಅತ್ತೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ಚೆನ್ನಾಗಿ ತೊಳೆದಿದ್ದೀರಿ, ಅಳಿಯಂದಿರೇ! ಇದರಲ್ಲಿ ನಾನೇ ಇಲ್ಲ."

ಮಗಳ ಸಮಾಧಾನಕ್ಕೆಂದು ಅವರು ಅಲ್ಲೇ ಉಳಿದು, ದಿನಾ ಬೆಳಿಗ್ಗೆ ಆ ಹಾಡನ್ನು ಅವಳಿಗೆ ಹೇಳಿಕೊಟ್ಟರು. ವಯಸ್ಸಾದ ಗಂಟಲು, ಮೇಲಿನ ಸ್ವರಕ್ಕೆ ಏರುವಾಗಲೆಲ್ಲ ಕೆಮ್ಮು. ವ್ಯಾಪಾರಿ ತಂಬೂರಿ ಮೀಟುತ್ತ ಕೂರಬೇಕಾಯಿತು. ಮಗಳಿಗೆ ಹಾಡು ಒಲಿಯಲು ಒಂದು ಮಳೆಗಾಲವೇ ಹಿಡಿಯಿತು. ಅಲ್ಲಿಯವರೆಗೆ ಅಂಗಡಿ ತಡವಾಗಿಯೇ ತೆರೆಯಿತು.

ಶಿಷ್ಯ ನಕ್ಕ. ಆಮೇಲೆ, "ಹಾಗಾದರೆ ಮನಸ್ಸನ್ನು ತೊಳೆಯಲೇಬಾರದೇ?" ಎಂದ.

"ತೊಳೆಯಪ್ಪ; ಆದರೆ ಅದು ಹೊಳೆಯಬೇಕು ಎನ್ನುತ್ತೀಯಲ್ಲ, ಯಾರಿಗೆ ತೋರಿಸಲು?"