ದಂಡೀ ಹಿಡಿದು ಓಡಿದ ಬನಪ್ಪ

ಕುಂದರ್ರಿ, ಚಾ ಕುಡೀತ ಕೇಳ್ರಿ. ಇದು ನಮ್ಮ ಬೆಟಗೇರಿ ನೇಕಾರ ಓಣಿ ಕತಿ. ಓಣ್ಯಾಗೊಬ್ಬಾಕಿ ನೀಲವ್ವ, ನೀಲವ್ವಗೊಬ್ಬ ಮಗ ಬನಪ್ಪ. ಹೇಳಿದ್ದನ್ನ ಹೇಳಿದಂಗ ಮಾಡೋ ಮಗ. ಅದ ಆಕಿಗೆ ತಲಿಬ್ಯಾನಿ. "ಮಾತು ಕೇಳೋ ಮಗನ್ನ ಕೊಡು ಅಂತ ಬೇಡಿದ್ದೆ ನಮ್ಮವ್ವ ಬನಶಂಕರಿ! ಇಷ್ಟು ಕೇಳಾವನ್ನ ಕೊಡಬೇಕಿತ್ತೇನು?" ಅಂತ ಹಣಿ ಬಡ್ಕೊಂತಿದ್ಲು.

ಆಗೆಲ್ಲ ಕೈಮಗ್ಗ ನೋಡ್ರಿ. ಬೆಳಗಾದ್ರ ಓಣಿ ತುಂಬ ಹಾಸಿನ ನೂಲು. ಈ ತುದಿಗೊಂದು ಗೂಟ, ಆ ತುದಿಗೊಂದು ಗೂಟ, ನಡುವ ಸೀರಿ ನೂಲು ಎಳದು ಕಟ್ಟಿ ಗಂಜಿ ಹಚ್ಚಿ ಒಣಗಸ್ತಿದ್ರು. ಒಂದು ಎಳಿ ಹರದ್ರ ಕೂಡಸೂದ್ರಾಗ ಜೀವ ಹೋಗ್ತಿತ್ತು. ಆ ಗಂಜಿ ವಾಸನಿ ಈಗ ಎಲ್ಲೈತ್ರಿ? ನನ್ನ ಮೂಗು ಇನ್ನೂ ಹುಡಕ್ತೈತಿ.

ನಮಗೋ, ಓಣಿ ಹುಡುಗರಿಗೆ, ಹಾಕಿ ಆಟದ ಹುಚ್ಚು! ಜಾಲಿ ಕಟಿಗಿ ಸ್ಟಿಕ್ಕು, ಚಿಂದಿ ಸುತ್ತಿದ ಚೆಂಡು, ಅದ ಓಣ್ಯಾಗ ಆಟ. ನೀಲವ್ವ ಮಗನ ಕಿವಿ ಹಿಂಡಿ ಹೇಳಿದ್ಲು: "ನಡುವ ಬರಬ್ಯಾಡ! ಗ್ವಾಡಿ ದಂಡೀ ಹಿಡದು ಓಡು! ನೂಲಿಗೆ ಚೆಂಡು ತಾಗಿತಂದ್ರ ಅವತ್ತು ಊಟ ಇಲ್ಲ!"

"ಹೂಂ ಯವ್ವ," ಅಂದ ಬನಪ್ಪ.

ಅವತ್ತಿಂದ ಅವನದು ಬರೇ ದಂಡಿ. ಗಿರಣಿಗೆ ಹೋದ್ರೂ ದಂಡಿ, ಸಾಲಿಗೆ ಹೋದ್ರೂ ದಂಡಿ. ಮದುವಿ ಊಟಕ್ಕ ಕುಂತ್ರ ಪಂಕ್ತಿ ತುದಿ, ಬಡಸ್ತ ಬಡಸ್ತ ಇವನ ಎಲಿಗೆ ಬರೂದ್ರಾಗ ಹೋಳಿಗಿ ಮುಗದಿರ್ತಿತ್ತು. ಗ್ವಾಡಿಗೆ ತಿಕ್ಕಿ ತಿಕ್ಕಿ ಅಂಗಿ ಬಲತೋಳು ಯಾವಾಗಲೂ ಹರಕ.

ನಮಗ ಆಟ ಕಲಸಾಂವ ಗೌಸಮಾಮಾ. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ, ಕೈತುಂಬ ಗ್ರೀಸು, ಬಾಯಿತುಂಬ ಬೈಗಳ. ಬನಪ್ಪ ಗ್ವಾಡಿ ಹಿಡದು ಚೆಂಡು ಒಯ್ಯೂದು ನೋಡಿ ಪಂಪ್ ಕೆಳಗಿಟ್ಟ. "ಏನು ಓಟಲೇ ಇದು! ಒಂದು ಬೆರಳು ಆಚೀಚೆ ಆಗೂದಿಲ್ಲ! ಬಾ, ನೀನ ನಮ್ಮ ರೈಟ್ ಔಟ್. ಬಲಗಡೆ ಗೆರಿ ಕಾಣ್ತೈತಲ್ಲ? ಅದನ್ನ ಹಿಡದು ಓಡು!"

"ಹೂಂ ಮಾಮಾ," ಅಂದ.

ಮೊದಲನೇ ಆಟ. ಚೆಂಡು ಸಿಕ್ತು. ಓಡಿದ ನೋಡ್ರಿ, ಗೆರಿ ಹಿಡದು ಓಡಿದ! ಒಬ್ಬಗೂ ಸಿಗಲಿಲ್ಲ! ಮೈದಾನ ಮುಗೀತು, ನಿಲ್ಲಲಿಲ್ಲ. ರಸ್ತೆ ಬಂತು, ರಸ್ತೆ ದಂಡೀ ಹಿಡದ. ಎಣ್ಣಿ ಗಾಣದ ಹತ್ರ ಹೋಗಿ ಹಿಡಕೊಂಡು ಬಂದ್ವಿ.

"ಎಲ್ಲಿಗೆ ಹೊಂಟಿದ್ದೆಲೇ ಮಬ್ಬ!" ಗೌಸಮಾಮಾ ಒದರಿದ.

"ಓಡು ಅಂದ್ರಿ. ನಿಲ್ಲು ಅನ್ನಲಿಲ್ಲ."

"ಗೆರಿ ಮುಗದ ಕೂಡಲೇ ಚೆಂಡು ರಂಗಪ್ಪಗ ಕೊಡಬೇಕು! ತಿಳೀತಿಲ್ಲೋ?" ರಂಗಪ್ಪ ನಮ್ಮ ಸೆಂಟರ್, ನಡುವ ನಿಂತು ಗೋಲು ಹೊಡ್ಯಾಂವ.

"ಹೂಂ ಮಾಮಾ."

ಎರಡನೇ ಆಟ. ರಂಗಪ್ಪಗ ಜ್ವರ, ಬಂದಿರಲಿಲ್ಲ. ಬನಪ್ಪ ಚೆಂಡು ತಗೊಂಡು ಗೆರಿ ಮುಗಿಸಿದ, ಅತ್ತಿತ್ತ ನೋಡಿದ, ಚೆಂಡು ಬಗಲಾಗ ಇಟಗೊಂಡು ಹೊಂಟಬಿಟ್ಟ. ಎರಡೂ ಕಡೆಯವ್ರು ಬಾಯಿ ತಗದು ನಿಂತ್ವಿ.

ಸ್ವಲ್ಪ ಹೊತ್ತಿಗೆ ಬರಿಗೈಲೆ ತಿರುಗಿ ಬಂದ. "ಚೆಂಡು ಎಲ್ಲೈತಲೇ?" ಅಂದ ಗೌಸಮಾಮಾ.

"ರಂಗಪ್ಪಗ ಕೊಟ್ಟೆ. ಮಲಗಿದ್ದ. ದಿಂಬಿನ ಬಾಜೂ ಇಟ್ಟು ಬಂದೆ. ಅವರವ್ವ ಕಷಾಯ ಕೊಟ್ಲು, ಕುಡದು ಬಂದೆ."

"ಯಾ ಅಲ್ಲಾ! ರಂಗಪ್ಪನ ಹೆಸರ ಬಿಡು! ನಡುವ ಯಾಂವ ಕೆಂಪಂಗಿ ಹಾಕ್ಕೊಂಡಿರ್ತಾನ ಅವಗ ಕೊಡು!" ನಮ್ಮೆಲ್ಲಾರ ಅಂಗಿ ಕೆಂಪು, ನೀಲವ್ವನ ಬಣ್ಣದ ಹಂಡ್ಯಾಗ ಅದ್ದಿದ್ದು.

ಮೂರನೇ ಆಟ ಸ್ಟೇಷನ್ ಬಾಜೂಕಿನ ಮೈದಾನದಾಗ. ಕೆಂಪಂಗಿ ಹಮಾಲ ಒಬ್ಬಾಂವ ಮೈದಾನದ ನಡುವ ಹಾಯ್ದು ಹೊಂಟಿದ್ದ. ಬನಪ್ಪ ಕೊಟ್ಟ ನೋಡ್ರಿ ಪಾಸು! ಸೀದಾ ಹಮಾಲನ ಕಾಲಿಗೆ! ಆ ಪುಣ್ಯಾತ್ಮ ಚೆಂಡನ್ನ ಎತ್ತಿ ತಲಿಮ್ಯಾಲ ಇಟಗೊಂಡು, "ಯಾವ ಗಾಡಿಗ್ರಿ?" ಅಂತ ಕೇಳಿದ.

"ಯಾರಿಗೂ ಕೊಡಬ್ಯಾಡೋ ಯಪ್ಪಾ!" ಅಂದ ಗೌಸಮಾಮಾ, ಅಳೂದೊಂದು ಬಾಕಿ. "ಇನ್ನ ಮ್ಯಾಲ ಯಾರಿಗೂ ಕೊಡಬ್ಯಾಡ! ಗೋಲಿನ ತನಕ ನೀನ ಒಯ್ಯಿ!"

"ಹೂಂ ಮಾಮಾ."

ಅಷ್ಟಾದ್ರೂ ಬನಪ್ಪನ ಓಟದ ಮ್ಯಾಲ ಓಣಿ-ಓಣಿ ಪಂದ್ಯದ ಫೈನಲ್ ತನಕ ಬಂದ್ವಿ. ಸುಳ್ಳು ಯಾಕ ಹೇಳ್ಲಿ? ನಾನೂ ಆ ತಂಡದಾಗ ಎಡಗಡೆ ಆಡ್ತಿದ್ದೆ, ನನ್ನ ಕಾಲಾಗ ಅಂಥ ಓಟ ಇರಲಿಲ್ಲ. ಅಷ್ಟೊತ್ತಿಗೆ ರಂಗಪ್ಪಗ ದೂರದೂರಾಗ ನೌಕರಿ ಸಿಕ್ತು, ಊರು ಬಿಟ್ಟ. ನಡುವಿನ ಜಾಗಾ ಖಾಲಿ. ನೀಲವ್ವ ಸೈಕಲ್ ಅಂಗಡಿಗೆ ಬಂದು ನಿಂತ್ಲು.

"ಗೌಸಣ್ಣ, ನನ್ನ ಮಗನ್ನ ಸೆಂಟರ್ ಮಾಡು."

"ಬ್ಯಾಡವ್ವ ತಂಗಿ. ದಂಡ್ಯಾಗ ಅವಗ ಒಂದ ಗೆರಿ. ನಡುವ ನಾಕೂ ದಿಕ್ಕು. ಹುಡುಗ ಕಳದು ಹೋಗ್ತಾನ."

"ಅವನ್ನ ದಂಡೀಗೆ ತಳ್ಳಿದಾಕಿ ನಾನ, ಗೌಸಣ್ಣ. ನನ್ನ ನೂಲು ಉಳೀಲಿ ಅಂತ ಹೆತ್ತ ಮಗನ್ನ ಗ್ವಾಡಿಗೆ ಹಚ್ಚಿದೆ. ಒಂದು ದಿನ, ಒಂದ ದಿನ ಊರು ನನ್ನ ಮಗನ್ನ ನಡುವ ನೋಡ್ಲಿ." ಕಣ್ಣಾಗ ನೀರು ತಂದ್ಲು. "ಆತು ತಂಗಿ, ನಡುವ ಆಡ್ಲಿ," ಅಂದ ಗೌಸಮಾಮಾ.

ಆ ಖುಷಿಗೆ ನೀಲವ್ವ ಮೂರು ದಿನ ಕುಂತು, ಉಳದ ನೂಲು ಹುರಿ ಮಾಡಿ, ಗಂಜಿ ಹಾಕಿ, ಎರಡೂ ಗೋಲಿಗೆ ಮೀನಿನ ಬಲಿಯಂಥ ನೆಟ್ಟು ಹೆಣದು ಕೊಟ್ಲು. ಅಲ್ಲೀತನಕ ನಮ್ಮ ಗೋಲಿಗೆ ನೆಟ್ಟು ಎಲ್ಲಿತ್ರಿ? ಎರಡು ಗಳ, ಮ್ಯಾಲೊಂದು ಹಗ್ಗ.

ಫೈನಲ್ ದಿನ ಗೌಸಮಾಮಾ ಹೇಳಿದ: "ಬನಪ್ಪ, ನಡುವ ನಿಲ್ಲು. ಎದುರಿನವನ ಸ್ಟಿಕ್ಕಿಗೆ ಮೂರು ಸಲ ಸ್ಟಿಕ್ಕು ಬಡಿ. ನಡು ಬಿಟ್ಟು ಕದಲಬ್ಯಾಡ!" ಆಗಿನ ಆಟ ಹಂಗ ಶುರು ಆಗ್ತಿತ್ತು, ಮೂರು ಸಲ ಬಡದು ಚೆಂಡು ಕಸಕೋಬೇಕು.

"ಹೂಂ ಮಾಮಾ."

ಬಡದ. ಒಂದು, ಎರಡು, ಮೂರು. ಬಡದು ಸುಮ್ಮನ ನಿಂತ! ಚೆಂಡು ಅವರು ಒಯ್ದ್ರು, ಗೋಲು ಹೊಡದ್ರು. ಮತ್ತ ಬಡದ, ಮತ್ತ ನಿಂತ. ಚೆಂಡು ಎಡಕ್ಕ ಹೋತು, ಬಲಕ್ಕ ಹೋತು, ಅವನ ಕಾಲಸಂದ್ಯಾಗೂ ಹೋತು. ಬನಪ್ಪ ಕದಲಲಿಲ್ಲ. ಜನ ನಗಾಕ ಹತ್ತಿದ್ರು. ನೀಲವ್ವ ಸೆರಗು ಬಾಯಿಗೆ ತುರಕ್ಕೊಂಡ್ಲು. ಮಗ ನಡುವ ನಿಂತಿದ್ದ, ಊರು ನೋಡ್ತಿತ್ತು, ಆದ್ರ ಹಿಂಗ ನೋಡ್ಲಿ ಅಂತ ಆಕಿ ಬೇಡಿರಲಿಲ್ಲ.

ಇನ್ನ ಒಂದ ನಿಮಿಷ ಐತಿ ಅನ್ನೂದ್ರಾಗ ಆಕಿನ ಎದ್ದು ನಿಂತು ಒದರಿದ್ಲು: "ಬನ್ಯಾ! ನಡುವ ಬ್ಯಾಡ ಮಗನ! ದಂಡೀ ಹಿಡದು ಓಡೋ!"

"ಹೂಂ ಯವ್ವ!"

ಓಡಿದ ನೋಡ್ರಿ! ಚೆಂಡು ಕಸಗೊಂಡು, ಬಲಗಡೆ ಗೆರಿ ಹಿಡದು, ಒಬ್ಬನ್ನ ದಾಟಿ, ಇಬ್ಬರನ್ನ ದಾಟಿ! ಗೆರಿ ಮೂಲಿಗೆ ಬಂತು, ತಿರುಗಿ ಗೋಲಿನ ಗೆರಿ ಹಿಡದ. ನಾನು ಗೋಲಿನ ಮುಂದ ನಿಂತು, "ನನಗ ಕೊಡೋ!" ಅಂದೆ. ಕೊಡಲಿಲ್ಲ. ಯಾರಿಗೂ ಕೊಡಬ್ಯಾಡ ಅಂದಿದ್ರಲ್ಲ! ಗೋಲ್‌ಕೀಪರ್ ಜಾರಿ ಬಿದ್ದ. ಬರೇ ಗೋಲು, ಚೆಂಡು, ಬನಪ್ಪ. ಒಂದು ಗೇಣು ದೂಡಿದ್ರ ಸಾಕು, ಗೋಲು ಸಮಾಸಮ. ಎರಡು ಓಣಿ ಜನ ಎದ್ದು ನಿಂತ್ರು!

ಬನಪ್ಪ ನಿಂತ. ಗೋಲಿನ ಗೆರಿಮ್ಯಾಲ ಚೆಂಡು ಒತ್ತಿ ಹಿಡದ. ಎದುರಿಗೆ ನೆಟ್ಟು, ಅವ್ವನ ನೂಲು. ಎಳದು ಕಟ್ಟಿದ್ದು, ಗಂಜಿ ಹಚ್ಚಿದ್ದು. ಮೆತ್ತಗ ಚೆಂಡನ್ನ ಹೊರಗ ಸರಿಸಿದ, ನಮ್ಮ ಓಣ್ಯಾಗ ಹಾಸಿನ ಬಾಜೂ ಬಗ್ಗತಿದ್ದಂಗ ಬಗ್ಗಿ, ಭುಜ ತಾಗದಂಗ ಆಚೆ ದಾಟಿದ. ಸೀಟಿ ಊದಿದ್ರು. ಸೋತ್ವಿ.

ಬಯ್ಯಾಕ ಬಾಯಿ ತಗದಿದ್ದ ಗೌಸಮಾಮಾ ತಲಿಮ್ಯಾಲ ಕೈ ಹೊತ್ತು ಕುಂತ. ಬನಪ್ಪ ಮೈದಾನದ ದಂಡೀ ಹಿಡದು, ಬೆವರು ಸುರಸ್ಕೊಂತ ಅವ್ವನ ಹತ್ರ ಬಂದ.

"ಯವ್ವ, ನೂಲಿಗೆ ತಾಗಸಲಿಲ್ಲ ನೋಡು. ಇವತ್ತು ಊಟ ಐತಲ್ಲ?"

ನೀಲವ್ವ ಅತ್ಲೋ, ನಕ್ಲೋ, ನನಗ ಇವತ್ತಿಗೂ ತಿಳೀವಲ್ಲದು. "ಐತಿ ಮಗನ, ಬಾ," ಅಂದ್ಲು. ಕೈ ಹಿಡದು, ಎಲ್ಲಾರೂ ನೋಡೂಹಂಗ, ಓಣಿ ನಟ್ಟನಡುವ ಕರಕೊಂಡು ಹೋದ್ಲು.