ಹೊರಗಿನ ಚಿಲಕ

ಮರುಳಪ್ಪನವರ ಆಶ್ರಮ ನದಿಯ ದಂಡೆಯಲ್ಲಿತ್ತು. ಎಲ್ಲರೂ ಅವರನ್ನು ಅಪ್ಪಾವರು ಎನ್ನುತ್ತಿದ್ದರು.

ಅಪ್ಪಾವರು ಆಡಿದ ಮಾತುಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು ಶಿಷ್ಯ ಕೊಟ್ರೇಶನ ಕೆಲಸ.

ಆ ಬೇಸಿಗೆಯಲ್ಲಿ ಹೂವಕ್ಕ ಎಂಬುವಳು ಆಶ್ರಮಕ್ಕೆ ಬಂದಳು. ಗಂಡನ ಹೊಡೆತ ತಾಳಲಾರದೆ ಓಡಿಬಂದವಳು. ಮೊಣಕೈವರೆಗೆ ಸುಟ್ಟ ಗಾಯ. ಅವನು ಅವಳನ್ನು ಊರೂರು ಹುಡುಕುತ್ತಿದ್ದಾನೆಂದು ಅವರಿವರ ಬಾಯಿಂದ ಗೊತ್ತಾಗಿತ್ತು.

“ಇವಳನ್ನು ನೋಡಿಕೋ,” ಎಂದರು ಅಪ್ಪಾವರು ಕೊಟ್ರೇಶನಿಗೆ.

ಒಂದು ದಿನ ಹೂವಕ್ಕ ಆಶ್ರಮದ ಕಂಪ್ಯೂಟರಿನಿಂದ ತಂಗಿಗೆ ಮೇಲ್ ಕಳಿಸಿದಳು. ಬದುಕಿದ್ದೇನೆ ಎಂದಷ್ಟೇ ಬರೆದಳು. ಅಂದಿನಿಂದ ಕೊಟ್ರೇಶನಿಗೆ ನೆಮ್ಮದಿಯಿಲ್ಲ. ಆ ಮೇಲ್ ಗಂಡನ ಕಣ್ಣಿಗೆ ಬಿದ್ದರೆ? ಅದರ ಜಾಡು ಹಿಡಿದು ಅವನು ಇಲ್ಲಿಗೇ ಬಂದರೆ?

ಕಂಪ್ಯೂಟರಿಗೆ ಆಂಟಿವೈರಸ್ ಮೊದಲೇ ಇತ್ತು. ಅದು ಸಾಲದೆಂದು ಅವನು ಇನ್ನೊಂದು ಕಾವಲನ್ನೂ ಕೂರಿಸಿದ. ಒಳಗಿನ ಯಾವ ಪ್ರೋಗ್ರಾಂ ಹೊರಗಿನವರನ್ನು ಸಂಪರ್ಕಿಸಲು ಹೋದರೂ ಈ ಕಾವಲು ಅದನ್ನು ನಿಲ್ಲಿಸಿ, ಬಿಡಲೇ ಬೇಡವೇ ಎಂದು ಅವನನ್ನು ಕೇಳುತ್ತಿತ್ತು.

ಮರುದಿನ ಮಧ್ಯಾಹ್ನ ತೆರೆಯ ಮೇಲೆ ಕೆಂಪು ಪಟ್ಟಿ ಮೂಡಿತು. ಯಾವುದೋ ಹೊರಗಿನ ವಿಳಾಸವನ್ನು ಸಂಪರ್ಕಿಸುವ ಯತ್ನ ನಡೆದಿದೆ. ಬಿಡಲೇ?

ವಿಳಾಸವೆಂದರೆ ಬರೀ ಅಂಕಿಗಳು. ಪ್ರೋಗ್ರಾಮಿನ ಹೆಸರು ಅರ್ಥವಾಗದ ಒಂದಿಷ್ಟು ಅಕ್ಷರ.

ಕೊಟ್ರೇಶ ಬೇಡವೆಂದು ಒತ್ತಿದ.

ಸ್ವಲ್ಪ ಹೊತ್ತಿಗೆ ಅದು ಮತ್ತೆ ಬಂತು. ಬೇಡವೆಂದ. ಮತ್ತೆ ಬಂತು.

ಕೊಟ್ರೇಶ ಎದ್ದು ಓಡಿದ. ಹೂವಕ್ಕ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

“ಅಕ್ಕಾ, ಒಳಗೆ ನಡೀರಿ! ಬೇಗ!”

“ಯಾಕಪ್ಪಾ? ಏನಾಯ್ತು?”

“ಈಗ ಏನೂ ಕೇಳಬೇಡಿ. ನಡೀರಿ.”

ಅವಳನ್ನು ಕೋಣೆಯೊಳಗೆ ಕಳಿಸಿ ಬಾಗಿಲೆಳೆದ. ಹೊರಗಿನಿಂದ ಚಿಲಕ ಜಡಿದ. ನದಿಯ ಕಡೆ ಓಡಿದ.

ಅಪ್ಪಾವರು ಸ್ನಾನ ಮುಗಿಸಿ ಪಂಚೆ ಹಿಂಡುತ್ತಿದ್ದರು.

“ಅಪ್ಪಾವರೇ, ಹೂವಕ್ಕನ ಗಂಡನಿಗೆ ಗೊತ್ತಾಗಿಬಿಟ್ಟಿದೆ. ಕಂಪ್ಯೂಟರಿನ ಒಳಗೆ ಯಾರೋ ಸೇರಿಕೊಂಡಿದ್ದಾರೆ. ಇಲ್ಲಿನ ಸುದ್ದೀನ ಹೊರಗೆ ಸಾಗಿಸ್ತಿದ್ದಾರೆ.”

“ಯಾರು?”

“ಗೊತ್ತಿಲ್ಲ.”

“ನಡಿ, ನೋಡೋಣ.”

ಅಪ್ಪಾವರು ಒದ್ದೆ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ಕಂಪ್ಯೂಟರಿನ ಪಕ್ಕದಲ್ಲಿ ಕೂತರು. ಕೆಂಪು ಪಟ್ಟಿ ಮತ್ತೆ ಮೂಡಿತ್ತು.

“ಇದು ಹೊರಗಿಂದ ಬರ್ತಿದೆಯೋ, ಒಳಗಿಂದ ಹೊರಟಿದೆಯೋ?”

“ಒಳಗಿಂದ ಹೊರಟಿದೆ. ಹೊರಗೆ ಕೂತು ಯಾರಾದರೂ ಆಡಿಸ್ತಿದ್ದಾರೋ, ಅದೇ ತಿಳೀತಿಲ್ಲ.”

“ತಿಳಿಯೋ ದಾರಿ ಇದೆಯಾ?”

ಕೊಟ್ರೇಶ ಯೋಚಿಸಿದ. ಇಂಟರ್ನೆಟ್ ತಂತಿಯನ್ನು ಕಿತ್ತ. ಈಗ ಹೊರಗಿನವರು ಯಾರೂ ಬರುವಂತಿರಲಿಲ್ಲ.

ಇಬ್ಬರೂ ಕಾದರು. ಕೆಂಪು ಪಟ್ಟಿ ಮೂಡಿತು.

ಕೊಟ್ರೇಶ ಕುರ್ಚಿಯಿಂದ ಹಿಂದಕ್ಕೆ ಸರಿದ. “ಒಳಗೇ ಇದೆ ಅಪ್ಪಾವರೇ.”

“ಇರಲಿ. ಒಳಗೆ ಯಾರ್‍ಯಾರು ಎಚ್ಚರವಾಗಿದ್ದಾರೆ? ಒಬ್ಬೊಬ್ಬರನ್ನೇ ಮಲಗಿಸು.”

ಕೊಟ್ರೇಶ ಬರೆಯುವ ಪ್ರೋಗ್ರಾಮನ್ನು ಮುಚ್ಚಿದ. ಕೆಂಪು ಪಟ್ಟಿ ಬಂತು. ಮೇಲ್ ಮುಚ್ಚಿದ. ಆಗಲೂ ಬಂತು. ಹಾಡು ಕೇಳುವುದನ್ನು, ಚಿತ್ರ ನೋಡುವುದನ್ನು, ತೆರೆದದ್ದನ್ನೆಲ್ಲ ಮುಚ್ಚಿದ. ಒಂದೊಂದು ಮುಚ್ಚಿದಾಗಲೂ ಕಾಯುತ್ತಿದ್ದ. ಪ್ರತಿ ಸಲವೂ ಅದು ಬಂತು.

“ಹೊಸ ಕಾವಲು ಬಿಟ್ಟರೆ ಇನ್ನು ಉಳಿದಿರೋದು ಆಂಟಿವೈರಸ್ ಒಂದೇ. ಅದನ್ನ ಮುಚ್ಚಿದರೆ ವೈರಸ್ಸಿಂದ ಕಾಯೋರು ಯಾರು?”

“ತಂತಿ ಕಿತ್ತಿದ್ದೀಯಲ್ಲ. ಮುಚ್ಚು.”

ಕಣ್ಣು ಮುಚ್ಚಿಕೊಂಡು ಒತ್ತಿದ.

ಕಾದರು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಸರಿಯಿತು. ಏನೂ ಬರಲಿಲ್ಲ.

ಆಂಟಿವೈರಸ್ಸನ್ನು ಮತ್ತೆ ಶುರುಮಾಡಿದ. ಕೆಂಪು ಪಟ್ಟಿ ಥಟ್ಟನೆ ಬಂತು.

ಕೊಟ್ರೇಶ ಆ ಅರ್ಥವಾಗದ ಹೆಸರಿನ ಬೆನ್ನು ಹತ್ತಿದ. ಅದು ಎಲ್ಲಿ ಕೂತಿದೆಯೆಂದು ಹುಡುಕಿ ನೋಡಿದರೆ ಅದರ ಜಾಗ ಆಂಟಿವೈರಸ್ಸಿನ ಫೋಲ್ಡರೇ. ಹೊಸ ವೈರಸ್‌ಗಳ ಗುರುತು ಕೇಳಿ ತರಲು ಅದು ತನ್ನ ಕಂಪನಿಯನ್ನು ಸಂಪರ್ಕಿಸುತ್ತಿತ್ತು. ತಡೆದಷ್ಟೂ ಮತ್ತೆ ಯತ್ನಿಸುತ್ತಿತ್ತು.

“ನಾನು ಕೂರಿಸಿದ ಹೊಸ ಕಾವಲು ನಮ್ಮ ಹಳೇ ಕಾವಲನ್ನೇ ತಡೀತಿತ್ತು ಅಪ್ಪಾವರೇ,” ಎಂದ. ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಅದನ್ನ ನೋಡಿಯೇ ಜೀವ ಹೋದಂಗಾಯ್ತು.”

ಅಪ್ಪಾವರು ನಗಲಿಲ್ಲ.

“ಹೂವಕ್ಕ ಎಲ್ಲಿ?”

“ಕೋಣೇಲಿ ಕ್ಷೇಮವಾಗಿದ್ದಾಳೆ. ಹೊರಗಿಂದ ಚಿಲಕ ಹಾಕಿದ್ದೀನಿ.”

ಅಪ್ಪಾವರು ತಟ್ಟನೆ ಎದ್ದರು. ಅವರು ಅಷ್ಟು ಬೇಗ ನಡೆದದ್ದನ್ನು ಕೊಟ್ರೇಶ ಎಂದೂ ನೋಡಿರಲಿಲ್ಲ.

ಚಿಲಕ ತೆಗೆದರು. ಬಾಗಿಲು ತೆರೆಯಲಿಲ್ಲ. ಒಳಗಡೆ ಏನೋ ಅಡ್ಡವಿತ್ತು.

“ತಾಯೀ, ನಾನು, ಮರುಳಪ್ಪ.”

ಎಷ್ಟೋ ಹೊತ್ತಾದ ಮೇಲೆ ಮಂಚ ಎಳೆದ ಸದ್ದಾಯಿತು. ಬಾಗಿಲು ಮೊದಲು ಬೆರಳಗಲ, ಆಮೇಲೆ ಪೂರ್ತಿ ತೆರೆಯಿತು. ಹೂವಕ್ಕನ ಮುಖ ಬೆವರಿನಲ್ಲಿ ತೊಯ್ದಿತ್ತು. ಉಗುರುಸಂದಿಯಲ್ಲಿ ರಕ್ತ. ಬಾಗಿಲ ಒಳಮೈಯಲ್ಲಿ ಪರಚಿದ ಗೆರೆಗಳು.

“ಅವನು ಬಂದಿಲ್ಲ ಅಕ್ಕಾ,” ಎಂದ ಕೊಟ್ರೇಶ. “ಯಾರೂ ಬಂದಿಲ್ಲ. ನಾನೇ ತಪ್ಪು ತಿಳಿದೆ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಗೋಡೆಗೆ ಒತ್ತಿಕೊಂಡಳು.

“ಚಿಲಕ ಬಿದ್ದ ಸದ್ದು ಕೇಳ್ತು,” ಎಂದಳು. “ಅವನೂ ಹೀಗೇ ಹೊರಗಿಂದ ಹಾಕ್ತಿದ್ದ. ಹಾಕಿ, ಸೀಮೆಎಣ್ಣೆ ತರೋಕೆ ಹೋಗ್ತಿದ್ದ.”

ಕೊಟ್ರೇಶ ಹೊಸ್ತಿಲಿನಿಂದ ಹಿಂದೆ ಸರಿದ.

ಅಪ್ಪಾವರು ಎಲ್ಲಿಗೋ ಹೋಗಿ ಸ್ಕ್ರೂಡ್ರೈವರ್ ಹುಡುಕಿ ತಂದು ಅವನ ಕೈಗಿಟ್ಟರು.

“ಚಿಲಕ ಬಿಚ್ಚು.”

ಬಿಚ್ಚಿದ.

“ಒಳಗಡೆ ಕೂರಿಸು.”

ಹೂವಕ್ಕ ನೋಡುತ್ತಾ ನಿಂತಿದ್ದಳು. ಕೊನೆಯ ಸ್ಕ್ರೂ ಬಿಗಿದಾದ ಮೇಲೆ ತಾನೇ ಮುಂದೆ ಬಂದಳು. ಚಿಲಕವನ್ನು ಹಾಕಿದಳು, ತೆಗೆದಳು. ಮತ್ತೊಮ್ಮೆ ಹಾಕಿ ತೆಗೆದಳು. ಆಮೇಲೆ ಇಬ್ಬರನ್ನೂ ಹೊರಗೆ ಹೋಗುವಂತೆ ಸನ್ನೆ ಮಾಡಿ ಬಾಗಿಲು ಮುಚ್ಚಿಕೊಂಡಳು.

ಅಂಗಳದಲ್ಲಿ ಅರ್ಧ ಒಣಗಿದ ಬಟ್ಟೆಗಳು ಹಾಗೇ ಇದ್ದವು. ಗುರು ಶಿಷ್ಯರು ಜಗಲಿಯ ಮೇಲೆ ಕೂತರು.

“ಅಪ್ಪಾವರೇ, ಅವನು ನಿಜವಾಗಿಯೇ ಬಂದುಬಿಟ್ಟರೆ?”

“ಬರಬಹುದು.”

“ಯಾರೂ ಬಾರದೆಯೇ ಇವತ್ತು ಹೀಗೆ ಮಾಡಿದೆ. ಆವತ್ತು ನನಗೇನೂ ತೋಚದೇ ಹೋದರೆ?”

“ಬಾಗಿಲು ತಟ್ಟಿ ಹೂವಕ್ಕನ್ನ ಕೇಳು. ಅವನಿಂದ ತಪ್ಪಿಸಿಕೊಂಡು ಬಂದವಳು ಅವಳು.”