ತಿರುಗಿ ಬಾರದ ರೋಗಿಗಳು

ಕೆಮ್ಮು ಬಂದರೆ ಡಾಕ್ಟರ್ ರಾಚಯ್ಯನವರು ಮೊದಲು ಬಲ ತೊಡೆಸಂದಿಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದರು. ಆಮೇಲೆ ಕೆಮ್ಮುತ್ತಿದ್ದರು.

ಹೊಳೆದಂಡೆಯ ಆಶ್ರಮದ ಆಸ್ಪತ್ರೆಯಲ್ಲಿ ಅವರ ಕೈಕೆಳಗೆ ಶಸ್ತ್ರಚಿಕಿತ್ಸೆ ಕಲಿತ ವಿನುತಾ ಇದನ್ನು ಮಳೆಗಾಲದಿಂದ ನೋಡುತ್ತಿದ್ದಳು.

“ಸರ್, ಅದು ಹರ್ನಿಯಾ.”

“ನನಗೇ ಪಾಠ ಹೇಳ್ತೀಯಾ?”

“ನಾನೇ ಆಪರೇಷನ್ ಮಾಡ್ತೀನಿ, ಸರ್. ಎಷ್ಟೋ ಮಾಡಿದ್ದೀನಲ್ಲ.”

“ಅವರೆಲ್ಲ ಈಗ ಹೇಗಿದ್ದಾರೆ?”

“ಚೆನ್ನಾಗಿದ್ದಾರೆ. ಒಬ್ಬರೂ ತಿರುಗಿ ಬಂದಿಲ್ಲ.”

ರಾಚಯ್ಯ ಚಪ್ಪಲಿ ಮೆಟ್ಟಿದರು. “ಹಾಗಾದರೆ ನಾವೇ ಹೋಗೋಣ, ನಡಿ.”

ಆಚೆ ದಂಡೆಯಲ್ಲಿ ಅಂಬಿಗರ ಗುತ್ತೆಪ್ಪ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಮೂರು ವರ್ಷದ ಹಿಂದೆ ವಿನುತಾ ಅವನ ಹರ್ನಿಯಾಕ್ಕೆ ತೇಪೆಯಂತೆ ಜಾಲರಿ ಇಟ್ಟು ಹೊಲಿದಿದ್ದಳು.

“ಆರಾಮಾ?” ಎಂದಳು, ನೆಲ ನೋಡುತ್ತ.

“ಭಾಳ ಆರಾಮ್ರಿ ಅಕ್ಕಾರ. ದೇವರಂಥಾ ಕೈ ನಿಮ್ಮದು.”

ವಿನುತಾ ಗುರುಗಳತ್ತ ತಿರುಗಿದಳು.

ರಾಚಯ್ಯ ಅವನ ಪಕ್ಕ ಕೂತರು. “ಗುತ್ತೆಪ್ಪ, ಆಪರೇಷನ್ ಆದಮೇಲೆ ಏನೇನು ಬಿಟ್ಟೆ?”

“ಏನೂ ಬಿಟ್ಟಿಲ್ರಿ.”

ಅವರು ದಂಡೆಗೆ ಕಟ್ಟಿದ್ದ ಹರಗೋಲಿನತ್ತ ನೋಡಿದರು.

“ಹುಟ್ಟು ಹಾಕೂದು ಬಿಟ್ಟೀನ್ರಿ. ತಮ್ಮ ಹಾಕ್ತಾನ. ಮೊಮ್ಮಗಳನ್ನ ಎತ್ತೂದು ಬಿಟ್ಟೀನಿ. ಚಕ್ಕಳಮಕ್ಕಳ ಹಾಕಿ ಕೂತ್ರ ಕೆಂಡ ಇಟ್ಟಂಗ ಆಗ್ತೈತಿ. ಅದಕ್ಕ ಮದವಿ ಊಟಕ್ಕೂ ಹೋಗೂದಿಲ್ಲ.”

“ಮತ್ತೆ ಯಾಕೆ ಬರಲಿಲ್ಲ?” ವಿನುತಾ ಕೇಳಿದಳು.

“ಅಷ್ಟು ಚಂದ ಮಾಡಿ ಕಳಿಸಿದ್ರಿ. ನಿಮಗ ಬ್ಯಾಸರ ಆದೀತು ಅಂತ. ಮ್ಯಾಲ ನೀವು ಹೆಣ್ಣಮಗಳು. ಆ ಜಾಗದ ಮಾತು ಹೆಂಗ ಹೇಳ್ಲಿ?”

ಮರಳಿ ಬರುವಾಗ ಹರಗೋಲಿನಲ್ಲಿ ಅವಳು ತಾನು ಆಪರೇಷನ್ ಮಾಡಿದವರನ್ನು ಬೆರಳಲ್ಲಿ ಎಣಿಸಿದಳು. ದಂಡೆ ಮುಟ್ಟಿದ ಮೇಲೆ ಹೇಳಿದಳು, “ಎಲ್ಲರನ್ನೂ ನೋಡಿ ಬರ್ತೀನಿ.”

“ನನ್ನ ಹರ್ನಿಯಾ?”

“ಕಾಯಲಿ. ಉಬ್ಬು ಒಳಗೆ ಹೋಗದಿದ್ದರೆ, ವಾಂತಿಯಾದರೆ ತಕ್ಷಣ ಹೇಳಿ ಕಳಿಸಿ.”

ಬೇಸಿಗೆಯವರೆಗೂ ಊರೂರು ಸುತ್ತಿದಳು. ಕೆಲವರು ಅವಳ ಎದುರಿಗೇ ಜೋಳದ ಚೀಲ ಎತ್ತಿ ತೋರಿಸಿ ನಕ್ಕರು. ಒಬ್ಬ ಗಾಡಿಯವನು ನಾಚಿ ಮೇವಿನ ಬಣವೆಯ ಹಿಂದೆ ಅಡಗಿದ. ಅವಳಿಗೂ ನಾಚಿಕೆಯೇ. ಆದರೂ ಬಣವೆಯ ಈಚೆ ಕೂತೇ ಕೇಳಿದಳು. ಅವನು ಆಚೆಯಿಂದಲೇ ಎಲ್ಲ ಹೇಳಿದ.

ಗುರುಗಳ ಮುಂದೆ ಬಂದು ನಿಂತಾಗ ಅವಳ ಹಿಮ್ಮಡಿಗಳು ಒಡೆದಿದ್ದವು.

“ಬಹಳ ಜನ ನಿಜಕ್ಕೂ ಚೆನ್ನಾಗಿದ್ದಾರೆ, ಸರ್. ಇಬ್ಬರಿಗೆ ಮತ್ತೆ ಉಬ್ಬಿದೆ. ಕೆಲವರಿಗೆ ನೋವು ಹೋಗೇ ಇಲ್ಲ. ಜಾಲರಿ ಹೊಲಿಯುವ ಅವಸರದಲ್ಲಿ ನಾನು ಹೊಲಿಗೆಗೆ ಸಿಕ್ಕಿ ನೋವು ಕೊಡುವ ನರ ಎಲ್ಲಿದೆ ಅಂತ ಸರಿಯಾಗಿ ನೋಡ್ತಿರಲಿಲ್ಲ. ಇನ್ನು ಮೊದಲು ಅದನ್ನೇ ಹುಡುಕ್ತೀನಿ.”

“ಗುತ್ತೆಪ್ಪ?”

“ನೋವಿಗೆ ಇಂಜೆಕ್ಷನ್ ಶುರುಮಾಡಿದ್ದೀನಿ. ಅವನು ಹುಟ್ಟು ಹಿಡಿಯೋವರೆಗೂ ನಾನು ಬಿಡೋದಿಲ್ಲ.”

“ಈಗಲೂ ನನ್ನದನ್ನು ನೀನೇ ಮಾಡ್ತೀಯಾ?”

“ನಾನೇ ಮಾಡ್ತೀನಿ.”

“ಹೆದರಿಕೆ?”

“ಆಗ ಇರಲಿಲ್ಲ. ಈಗ ಇದೆ.”

ರಾಚಯ್ಯ ಅಂಗಿ ಕಳಚಿ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದರು.

“ನೋವಿದ್ದರೂ ನಾನಾಗಿ ಬಂದು ಹೇಳುವವನಲ್ಲ, ವಿನುತಾ. ಐದು ವರ್ಷ ಬಿಟ್ಟು, ನೀನು ಎಲ್ಲೇ ಇರು, ಒಮ್ಮೆ ಬಾರವ್ವ.”